ಸೊಂಟದಲ್ಲಿ ಬೀಗದ ಕೈ ಇದ್ದ ಚಿತ್ರಕಾರ

ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿ ಸುಮಾರು ಹತ್ತೂವರೆ ಅಡಿ ಎತ್ತರ, ಒಂಬತ್ತು ಅಡಿ ಅಗಲದ ಒಂದು ತೈಲಚಿತ್ರವಿದೆ. ಸ್ಪೇನಿನ ದೊರೆ ನಾಲ್ಕನೆಯ ಫಿಲಿಪನ ಆಸ್ಥಾನ ಚಿತ್ರಕಾರನಾಗಿದ್ದ ದಿಯೇಗೊ ವೆಲಾಸ್ಕೆಸ್ 1656ರಲ್ಲಿ ಬರೆದ ಈ ಚಿತ್ರಕ್ಕೆ ‘ಲಾಸ್ ಮೆನೀನಾಸ್’, ಅಂದರೆ ರಾಜಕುಮಾರಿಯ ಸಖಿಯರು, ಎಂಬ ಹೆಸರು ಈಗ ರೂಢಿಯಾಗಿದೆ. ನಡುವೆ ಐದು ವರ್ಷದ ರಾಜಕುಮಾರಿ ನಿಂತಿದ್ದಾಳೆ. ಎಡಗಡೆ, ನಮಗೆ ಬೆನ್ನು ಮಾಡಿದ ಭಾರಿ ಕ್ಯಾನ್‌ವಾಸಿನ ಪಕ್ಕದಲ್ಲಿ, ಚಿತ್ರಕಾರ ತನ್ನನ್ನೂ ಬರೆದುಕೊಂಡಿದ್ದಾನೆ. ಬಲಗೈಯಲ್ಲಿ ಕುಂಚ, ಎಡಗೈಯಲ್ಲಿ ಬಣ್ಣದ ಹಲಗೆ, ಎದೆಯ ಮೇಲೆ ಕೆಂಪು ಶಿಲುಬೆ, ಸೊಂಟದಲ್ಲಿ ಬೀಗದ ಕೈ. ಕುಂಚವೂ ಹಲಗೆಯೂ ಅಲ್ಲಿರುವುದು ಸಹಜ. ಬೀಗದ ಕೈ ಮತ್ತು ಶಿಲುಬೆ ಅಲ್ಲಿಗೆ ಹೇಗೆ ಬಂದವು ಎಂದು ವಿಚಾರಿಸುತ್ತ ಹೊರಟರೆ, ಹದಿನೇಳನೆಯ ಶತಮಾನದ ಸ್ಪೇನಿನ ಅರಮನೆಯಲ್ಲಿ ಚಿತ್ರಕಾರನೊಬ್ಬ ಮೂವತ್ತೇಳು ವರ್ಷ ಏನು ಮಾಡಿಕೊಂಡಿದ್ದ ಎಂಬುದು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಆಸ್ಥಾನ ಚಿತ್ರಕಾರ ಎಂದೊಡನೆ ದೊರೆಯ ಎದುರು ಕುಳಿತು ದಿನವಿಡೀ ಚಿತ್ರ ಬರೆಯುವ, ಮೆಚ್ಚುಗೆಯಾದಾಗ ಮುತ್ತಿನ ಹಾರ ಪಡೆಯುವ ಒಬ್ಬ ಕಲಾವಿದ ನಮ್ಮ ಕಣ್ಣಮುಂದೆ ಬರುತ್ತಾನೆ. ವೆಲಾಸ್ಕೆಸ್ ಹಾಗಿರಲಿಲ್ಲ. ಅವನು ಅರಮನೆಯ ಊಳಿಗದವನು. ತಿಂಗಳ ಸಂಬಳ, ದಿನದ ಭತ್ಯ, ಬಟ್ಟೆಗೆಂದು ವರ್ಷಕ್ಕಿಷ್ಟು ಹಣ, ಹುದ್ದೆಯಿಂದ ಹುದ್ದೆಗೆ ಬಡ್ತಿ, ಬಾಕಿ ಉಳಿದ ಸಂಬಳಕ್ಕಾಗಿ ಅರ್ಜಿ, ಹೀಗೆ ಅವನ ಬದುಕಿನ ಬಹುಪಾಲು ದಾಖಲೆಗಳು ಲೆಕ್ಕದ ಪುಸ್ತಕಗಳಲ್ಲೇ ಉಳಿದಿವೆ. ಅವನು ಬರೆದ ಚಿತ್ರಗಳಲ್ಲಿ ಇಂದು ನಮಗೆ ಉಳಿದಿರುವುದು ಸುಮಾರು 120 ಮಾತ್ರ. ಇಷ್ಟು ಕಡಿಮೆ ಬರೆದವನು ಯುರೋಪಿನ ಚಿತ್ರಕಲೆಯಲ್ಲಿ ಇಷ್ಟು ದೊಡ್ಡವನಾದದ್ದಕ್ಕೂ ಅವನ ಊಳಿಗಕ್ಕೂ ಸಂಬಂಧವಿದೆ ಎಂಬುದು ನನ್ನ ನಂಬಿಕೆ. ಅರಮನೆ ಅವನ ಸಮಯವನ್ನು ನುಂಗಿತು. ಆದರೆ ಮಾರುಕಟ್ಟೆಗಾಗಿ ಬರೆಯುವ ಒತ್ತಡದಿಂದ ಬಿಡಿಸಿತು, ಬೇರೆಲ್ಲಿಯೂ ನೋಡಲು ಸಿಗದ ಚಿತ್ರಗಳ ನಡುವೆ ಓಡಾಡಿಸಿತು, ಒಳಕೋಣೆಗಳ ಬಾಗಿಲು ತೆರೆದುಕೊಟ್ಟಿತು.

ವೆಲಾಸ್ಕೆಸ್ ಹುಟ್ಟಿದ್ದು ದಕ್ಷಿಣ ಸ್ಪೇನಿನ ಸೆವಿಲ್ ನಗರದಲ್ಲಿ. 1599ರ ಜೂನ್ 6ರಂದು ಅವನಿಗೆ ದೀಕ್ಷಾಸ್ನಾನವಾಯಿತು. ತಂದೆಯ ಕಡೆಯವರು ಪೋರ್ಚುಗಲ್ ಮೂಲದವರು. ಅಂಡಲೂಸಿಯಾ ಪ್ರಾಂತದಲ್ಲಿ ತಾಯಿಯ ಮನೆತನದ ಹೆಸರನ್ನು ಇಟ್ಟುಕೊಳ್ಳುವುದೂ ರೂಢಿಯಲ್ಲಿತ್ತಾದ್ದರಿಂದ ಅವನು ರೊದ್ರಿಗೆಸ್ ದೆ ಸಿಲ್ವಾ ಎನಿಸಿಕೊಳ್ಳುವ ಬದಲು ತಾಯಿಯ ವೆಲಾಸ್ಕೆಸ್ ಹೆಸರಿನಿಂದ ಪ್ರಸಿದ್ಧನಾದ. 1611ರಲ್ಲಿ ತಂದೆ ಅವನನ್ನು ಫ್ರಾನ್ಸಿಸ್ಕೊ ಪಚೇಕೊ ಎಂಬ ಚಿತ್ರಕಾರನ ಬಳಿ ಆರು ವರ್ಷದ ಕರಾರಿನ ಮೇಲೆ ಕಲಿಯಲು ಬಿಟ್ಟ. ಪಚೇಕೊ ಚಿತ್ರಕಾರನಾಗಿ ಮಧ್ಯಮ, ಗುರುವಾಗಿ ಉತ್ತಮ. ಅವನ ಮನೆ ಊರಿನ ಕವಿಗಳೂ ಪಂಡಿತರೂ ಪಾದ್ರಿಗಳೂ ಬಂದು ಕೂತು ಮಾತಾಡುವ ಜಾಗವಾಗಿತ್ತು. 1617ರ ಮಾರ್ಚಿನಲ್ಲಿ ಶಿಷ್ಯ ಚಿತ್ರಕಾರರ ಸಂಘದ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಸ್ವಂತ ಕೆಲಸ ಮಾಡುವ ಪರವಾನಗಿ ಪಡೆದ. ಮರುವರ್ಷ ಏಪ್ರಿಲ್‌ನಲ್ಲಿ ಗುರುವಿನ ಮಗಳು ಹ್ವಾನಾಳನ್ನು ಮದುವೆಯಾದ. ಸಂಘದ ಈ ಪರವಾನಗಿಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಲವತ್ತು ವರ್ಷಗಳ ಮೇಲೆ ಅದನ್ನು ಎಲ್ಲರೂ ಸೇರಿ ಮರೆಯಬೇಕಾದ ಸಂದರ್ಭ ಬರುತ್ತದೆ.

ಸೆವಿಲ್‌ನಲ್ಲಿದ್ದಾಗ ಅವನು ಬರೆದ ಅಡುಗೆಮನೆಯ ಚಿತ್ರಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. 1618ರ ಈ ಚಿತ್ರ ಈಗ ಎಡಿನ್‌ಬರೊದಲ್ಲಿದೆ. ಮುದುಕಿಯೊಬ್ಬಳು ಮಣ್ಣಿನ ಬಾಣಲೆಯಲ್ಲಿ ಮೊಟ್ಟೆ ಕರಿಯುತ್ತಿದ್ದಾಳೆ. ಒಂದು ಕೈಯಲ್ಲಿ ಮರದ ಸೌಟು, ಇನ್ನೊಂದರಲ್ಲಿ ಒಡೆಯಬೇಕಾದ ಮೊಟ್ಟೆ. ಪಕ್ಕದಲ್ಲಿ ದಾರ ಸುತ್ತಿದ ಕರಬೂಜದ ಹಣ್ಣನ್ನೂ ಗಾಜಿನ ಸೀಸೆಯನ್ನೂ ಹಿಡಿದ ಹುಡುಗ ನಿಂತಿದ್ದಾನೆ. ಇಬ್ಬರೂ ಪರಸ್ಪರ ನೋಡುತ್ತಿಲ್ಲ. ಬಾಣಲೆಯ ಎಣ್ಣೆಯಲ್ಲಿ ಮೊಟ್ಟೆಯ ಲೋಳೆ ಪಾರದರ್ಶಕತೆ ಕಳೆದುಕೊಂಡು ಬೆಳ್ಳಗೆ ಗಟ್ಟಿಯಾಗತೊಡಗಿದೆ, ಪೂರ್ತಿ ಬೆಂದಿಲ್ಲ. ಅಡುಗೆ ಮಾಡಿ ಗೊತ್ತಿರುವವರಿಗೆ ಅದು ಒಲೆಯ ಮೇಲಿನ ಯಾವ ಕ್ಷಣ ಎಂದು ತಕ್ಷಣ ತಿಳಿಯುತ್ತದೆ. ಮುಂದುಗಡೆ ಬಿಳಿ ಬಟ್ಟಲಿಗೆ ಅಡ್ಡಲಾಗಿ ಒಂದು ಚಾಕು ಇಟ್ಟಿದೆ, ಅದರ ನೆರಳು ಬಟ್ಟಲಿನ ಒಳಗುಂಟ ಬಾಗಿ ಬಿದ್ದಿದೆ. ಆ ನೆರಳಿನ ಬಾಗಿನಿಂದಲೇ ಬಟ್ಟಲಿನ ಆಳ ಕಣ್ಣಿಗೆ ಗೊತ್ತಾಗುತ್ತದೆ. ಹತ್ತೊಂಬತ್ತು ವರ್ಷದ ಹುಡುಗ ಹಿತ್ತಾಳೆ, ಮಣ್ಣು, ಗಾಜು, ಈರುಳ್ಳಿ ಸಿಪ್ಪೆ, ಮುದಿ ಚರ್ಮ ಇವುಗಳ ಮೇಲೆ ಬೆಳಕು ಬೇರೆಬೇರೆಯಾಗಿ ಬೀಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾನೆ. ಮುಂದೆ ದೊರೆಯ ಮುಖವನ್ನು ನೋಡುವಾಗಲೂ ಅವನ ಕಣ್ಣು ಈ ಅಡುಗೆಮನೆಯ ಕಣ್ಣಾಗಿಯೇ ಉಳಿಯಿತು.

ಇದೇ ಬಗೆಯ ಇನ್ನೊಂದು ಚಿತ್ರದಲ್ಲಿ ನೀರು ಮಾರುವ ಮುದುಕನೊಬ್ಬನಿದ್ದಾನೆ. ದೊಡ್ಡ ಹೂಜಿಯ ಹೊರಮೈಯಲ್ಲಿ ನೀರಿನ ಹನಿಗಳು ಇಳಿಯುತ್ತಿವೆ, ಅವನು ಕೊಡುತ್ತಿರುವ ಲೋಟದ ತಳದಲ್ಲಿ ನೀರಿಗೆ ಪರಿಮಳ ಬರಲೆಂದು ಒಂದು ಅಂಜೂರ ಹಾಕಿದೆ. ಈ ಚಿತ್ರವನ್ನು ಹೊಂದಿದ್ದವನು ಹ್ವಾನ್ ದೆ ಫೋನ್ಸೆಕಾ, ಸೆವಿಲ್‌ನಿಂದ ಅರಮನೆಗೆ ಹೋಗಿ ದೊರೆಯ ಪುರೋಹಿತವರ್ಗದಲ್ಲಿ ಸೇರಿಕೊಂಡಿದ್ದ ಪಾದ್ರಿ. ಆಗ ದೊರೆಯ ಹೆಸರಿನಲ್ಲಿ ರಾಜ್ಯವನ್ನು ನಡೆಸುತ್ತಿದ್ದ ಮಂತ್ರಿ ಒಲಿವಾರೆಸ್‌ನ ಬೇರುಗಳೂ ಸೆವಿಲ್‌ನಲ್ಲೇ ಇದ್ದವು. ಊರಿನವರು ಊರಿನವನನ್ನು ಕರೆಸಿಕೊಂಡರು ಎಂದರೆ ಮುಗಿಯಿತು. 1622ರಲ್ಲಿ ಒಮ್ಮೆ ಮ್ಯಾಡ್ರಿಡ್‌ಗೆ ಬಂದು ಕವಿ ಗೋಂಗೊರಾನ ಭಾವಚಿತ್ರ ಬರೆದು ಹಿಂತಿರುಗಿದ್ದ ವೆಲಾಸ್ಕೆಸ್‌ಗೆ 1623ರಲ್ಲಿ ಒಲಿವಾರೆಸ್‌ನಿಂದ ಕರೆ ಬಂತು. ಹಿಂದಿನ ವರ್ಷದ ಕೊನೆಯಲ್ಲಿ ಆಸ್ಥಾನದ ಚಿತ್ರಕಾರನೊಬ್ಬ ತೀರಿಕೊಂಡು ಜಾಗ ಖಾಲಿಯಿತ್ತು. ಆಗಸ್ಟ್ 30ರಂದು ದೊರೆ ಅವನೆದುರು ಕುಳಿತ. ಅಕ್ಟೋಬರ್ 6ರಂದು ತಿಂಗಳಿಗೆ 20 ಡಕಟ್ ಸಂಬಳದ ಮೇಲೆ ನೇಮಕವಾಯಿತು. ದೊರೆಗೆ 18 ವರ್ಷ, ಚಿತ್ರಕಾರನಿಗೆ 24.

ಆ ಕಾಲದ ಸ್ಪೇನಿನಲ್ಲಿ ಚಿತ್ರಕಾರನ ಸ್ಥಾನಮಾನ ಎಂಥದ್ದು ಎಂಬುದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಇಟಲಿಯಲ್ಲಿ ಚಿತ್ರಕಲೆಯನ್ನು ಕಾವ್ಯ, ಗಣಿತಗಳ ಸಾಲಿನ ವಿದ್ಯೆ ಎಂದು ಒಪ್ಪಿಕೊಂಡು ಬಹಳ ಕಾಲವಾಗಿತ್ತು. ಸ್ಪೇನಿನಲ್ಲಿ ಅದು ಇನ್ನೂ ಕೈಕಸುಬು. ಕೈಯಿಂದ ದುಡಿದು ಮಾರುವವನು ಎಷ್ಟೇ ನಿಪುಣನಾದರೂ ಕುಲೀನನಲ್ಲ ಎಂಬುದು ಅಲ್ಲಿನ ಸಮಾಜದ ಲೆಕ್ಕ. ಇದು ಕೇವಲ ಮರ್ಯಾದೆಯ ಪ್ರಶ್ನೆಯಾಗಿರಲಿಲ್ಲ, ದುಡ್ಡಿನ ಪ್ರಶ್ನೆಯೂ ಆಗಿತ್ತು. ಕಸುಬಿನವರು ಮಾರುವ ಸರಕಿನ ಮೇಲೆ ‘ಅಲ್ಕಬಾಲಾ’ ಎಂಬ ಮಾರಾಟ ತೆರಿಗೆ ಇತ್ತು. ನಾವು ಬರೆಯುವುದು ಸರಕಲ್ಲ, ವಿದ್ಯೆಯ ಫಲ ಎಂದು ವಾದಿಸಿ ಚಿತ್ರಕಾರರು ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದರು. ಅರಮನೆಯೂ ಇದಕ್ಕೆ ಹೊರತಾಗಿರಲಿಲ್ಲ. 1620ರ ದಶಕದ ಕೊನೆಗೆ ವೆಲಾಸ್ಕೆಸ್‌ಗೆ ಗೊತ್ತುಮಾಡಿದ ದಿನಭತ್ಯ 12 ರಿಯಾಲ್, ಅದು ಅರಮನೆಯ ಕ್ಷೌರಿಕರಿಗೆ ಸಿಗುತ್ತಿದ್ದಷ್ಟೇ ಮೊತ್ತ.

ಆದ್ದರಿಂದ ಮೇಲೇರಬೇಕೆಂಬ ಚಿತ್ರಕಾರ ಕುಂಚದಿಂದಷ್ಟೇ ಏರಲಾಗುತ್ತಿರಲಿಲ್ಲ, ಅರಮನೆಯ ಹುದ್ದೆಗಳ ಮೆಟ್ಟಿಲನ್ನೇ ಹತ್ತಬೇಕಿತ್ತು. 1627ರಲ್ಲಿ ಆಸ್ಥಾನದ ಹಿರಿಯ ಚಿತ್ರಕಾರರ ಜೊತೆ ನಡೆದ ಸ್ಪರ್ಧೆಯೊಂದರಲ್ಲಿ ಗೆದ್ದ ವೆಲಾಸ್ಕೆಸ್‌ಗೆ ಸಿಕ್ಕ ಬಹುಮಾನ ದೊರೆಯ ಕೋಣೆಯ ದ್ವಾರಪಾಲಕನ ಹುದ್ದೆ. 1636ರಲ್ಲಿ ಉಡುಪಿನ ಉಗ್ರಾಣದ ಸಹಾಯಕನಾದ, 1643ರಲ್ಲಿ ದೊರೆಯ ಒಳಕೋಣೆಯ ಸಹಾಯಕನಾದ, 1652ರಲ್ಲಿ ಇಡೀ ಅರಮನೆಯ ವಾಸ್ತವ್ಯದ ಮೇಲ್ವಿಚಾರಕನಾದ. ಈ ಹುದ್ದೆಗಳು ಆಸ್ತಿಯ ಹಾಗೆ ಕೈ ಬದಲಾಯಿಸಬಲ್ಲವೂ ಆಗಿದ್ದವು. ಮಗಳು ಫ್ರಾನ್ಸಿಸ್ಕಾಳನ್ನು ತನ್ನ ಶಿಷ್ಯ ಮಾಸೊನಿಗೆ ಮದುವೆ ಮಾಡಿಕೊಟ್ಟ ಮೇಲೆ, 1634ರಲ್ಲಿ, ದ್ವಾರಪಾಲಕನ ಹುದ್ದೆಯನ್ನು ಅಳಿಯನಿಗೆ ವಹಿಸಿಕೊಟ್ಟ. ವರದಕ್ಷಿಣೆಯಾಗಿ ಸರ್ಕಾರಿ ನೌಕರಿ ಕೊಟ್ಟ ಮಾವ ಎಂದು ಬೇಕಾದರೆ ಹೇಳಬಹುದು.

ಕುಂಚ ಹಿಡಿದವನೂ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಅವನ ಕಣ್ಣೆದುರೇ ಒಂದು ಮಾದರಿ ಬಂದು ನಿಂತದ್ದು 1628ರ ಸೆಪ್ಟೆಂಬರಿನಲ್ಲಿ. ಫ್ಲಾಂಡರ್ಸ್‌ನ ರುಬೆನ್ಸ್ ರಾಜತಾಂತ್ರಿಕ ಮಾತುಕತೆಗಾಗಿ ಮ್ಯಾಡ್ರಿಡ್‌ಗೆ ಬಂದು ಏಳೆಂಟು ತಿಂಗಳು ಉಳಿದ. ಫಿಲಿಪನೇ ಕುಲೀನ ಪದವಿ ಕೊಟ್ಟಿದ್ದ ಈ ಚಿತ್ರಕಾರ ಅರಮನೆಯಲ್ಲಿದ್ದ ಟಿಷಿಯನ್‌ನ ಚಿತ್ರಗಳ ಮುಂದೆ ಕೂತು ಅವನ್ನು ನಕಲು ಮಾಡುತ್ತಿದ್ದ. ವೆನಿಸ್‌ನ ಟಿಷಿಯನ್ ಸ್ಪೇನಿನ ಹಿಂದಿನ ಇಬ್ಬರು ದೊರೆಗಳಿಗಾಗಿ ಬರೆದ ಚಿತ್ರಗಳು ಅಲ್ಲಿ ಹೇರಳವಾಗಿದ್ದವು. ವೆಲಾಸ್ಕೆಸ್ ದಿನವೂ ಹಾದುಹೋಗುತ್ತಿದ್ದ ಗೋಡೆಗಳವು. ರುಬೆನ್ಸ್ ಜೊತೆ ನಿಂತು ನೋಡಿದಾಗ ಅವು ಬೇರೆಯಾಗಿಯೇ ಕಂಡಿರಬೇಕು. ಮರುವರ್ಷ ಆಗಸ್ಟಿನಲ್ಲಿ ದೊರೆಯ ಅಪ್ಪಣೆ ಪಡೆದು ಅವನು ಇಟಲಿಗೆ ಹೊರಟ. ಹಡಗಿನಲ್ಲಿ ಜೊತೆಗಿದ್ದವನು ಸ್ಪೇನಿನ ಸೇನಾಪತಿ ಅಂಬ್ರೋಜಿಯೊ ಸ್ಪಿನೋಲಾ.

ಈ ಸಹಪ್ರಯಾಣ ಐದಾರು ವರ್ಷದ ಮೇಲೆ ಫಲ ಕೊಟ್ಟಿತು. ಮ್ಯಾಡ್ರಿಡ್‌ನ ಹೊರವಲಯದಲ್ಲಿ ಒಲಿವಾರೆಸ್ ಕಟ್ಟಿಸಿದ ಬುವೆನ್ ರೆತೀರೊ ಅರಮನೆಯ ದೊಡ್ಡ ಸಭಾಂಗಣಕ್ಕೆ ಸ್ಪೇನಿನ ವಿಜಯಗಳನ್ನು ಬರೆಯಬೇಕೆಂದಾದಾಗ, ವೆಲಾಸ್ಕೆಸ್‌ನ ಪಾಲಿಗೆ ಬಂದದ್ದು 1625ರಲ್ಲಿ ಡಚ್ಚರ ಬ್ರೇಡಾ ಕೋಟೆ ಸ್ಪಿನೋಲಾನಿಗೆ ಶರಣಾದ ಪ್ರಸಂಗ. ಸ್ಪಿನೋಲಾ 1630ರಲ್ಲೇ ತೀರಿಕೊಂಡಿದ್ದ. ಚಿತ್ರದಲ್ಲಿ ಸೋತ ಡಚ್ ಅಧಿಪತಿ ಬಾಗಿ ಕೋಟೆಯ ಬೀಗದ ಕೈ ಚಾಚುತ್ತಾನೆ; ಕುದುರೆಯಿಂದ ಇಳಿದು ಬಂದ ಸ್ಪಿನೋಲಾ ಅವನು ಮೊಣಕಾಲೂರದಂತೆ ಭುಜದ ಮೇಲೆ ಕೈಯಿಟ್ಟು ತಡೆಯುತ್ತಾನೆ. ಸಾಮಾನ್ಯವಾಗಿ ವಿಜಯಚಿತ್ರಗಳಲ್ಲಿ ಗೆದ್ದವನು ಎತ್ತರದಲ್ಲಿ, ಸೋತವನು ಕಾಲ ಬಳಿ. ಇಲ್ಲಿ ಗೆಲುವು ತಿಳಿಯುವುದು ಹಿಂದೆ ನೆಟ್ಟಗೆ ನಿಂತ ಭರ್ಜಿಗಳ ಸಾಲಿನಿಂದ ಮಾತ್ರ.

ಆದರೆ ಆಸ್ಥಾನ ಚಿತ್ರಕಾರನ ಮುಖ್ಯ ಕೆಲಸ ಇಂಥ ಪ್ರಸಂಗಗಳಲ್ಲ, ಭಾವಚಿತ್ರ. ರಾಜಮನೆತನಗಳ ನಡುವೆ ಭಾವಚಿತ್ರಗಳು ದೂತರ ಹಾಗೆ ಓಡಾಡುತ್ತಿದ್ದವು. ದೂರದ ಆಸ್ಥಾನದ ಬಂಧುಗಳಿಗೆ ಮಕ್ಕಳ ಬೆಳವಣಿಗೆ ತೋರಿಸಲು, ಮದುವೆಯ ಮಾತುಕತೆಗೆ, ದೊರೆ ಇಲ್ಲದ ಕಡೆ ದೊರೆಯ ಇರವನ್ನು ಸಾರಲು ಅವು ಬೇಕಾಗಿದ್ದವು. ಲಾಸ್ ಮೆನೀನಾಸ್‌ನ ರಾಜಕುಮಾರಿ ಮಾರ್ಗರೀತಾಳ ಒಂಟಿ ಚಿತ್ರಗಳು ವಿಯೆನ್ನಾಕ್ಕೆ ಹೋದದ್ದೂ ಹೀಗೆಯೇ; ಅವಳನ್ನು ಅಲ್ಲಿನ ಚಕ್ರವರ್ತಿಗೆ ಕೊಡುವುದೆಂದು ಮಾತಾಗಿತ್ತು. ಸ್ಪೇನಿನ ರಾಜರ ಚಿತ್ರಗಳಲ್ಲಿ ಕಿರೀಟ, ಸಿಂಹಾಸನಗಳ ಅಬ್ಬರ ಕಡಿಮೆ. ಸರಳ ಉಡುಪಿನ ಕಟ್ಟಳೆಯನ್ನು 1623ರಲ್ಲಿ ಫಿಲಿಪನೇ ಹೊರಡಿಸಿ, ದೊಡ್ಡ ಸುರುಳಿ ಕೊರಳಪಟ್ಟಿಗಳನ್ನು ನಿಲ್ಲಿಸಿ, ‘ಗೊಲೀಯಾ’ ಎಂಬ ಗಡುಸಾದ ಸಾದಾ ಪಟ್ಟಿಯನ್ನು ಜಾರಿಗೆ ತಂದಿದ್ದ. ಕಪ್ಪು ಬಟ್ಟೆ, ಬಿಳಿ ಪಟ್ಟಿ, ಉದ್ದ ಗದ್ದದ ಮುಖ, ಕೈಯಲ್ಲೊಂದು ಕಾಗದ, ಬರಿ ಹಿನ್ನೆಲೆ. ಇಷ್ಟರಲ್ಲೇ ಒಬ್ಬ ದೊರೆ ನಿಲ್ಲಬೇಕು. ಫಿಲಿಪನ ಹದಿನೆಂಟರಿಂದ ಐವತ್ತರ ಆಚೆಯವರೆಗಿನ ಮುಖವನ್ನು ನಾವು ಈ ಒಬ್ಬನೇ ಚಿತ್ರಕಾರನ ಕಣ್ಣಿನಿಂದ ನೋಡಬಹುದು. 1653ರ ಒಂದು ಪತ್ರದಲ್ಲಿ ದೊರೆ, ತನ್ನ ಚಿತ್ರ ಬರೆಸಿ ಒಂಬತ್ತು ವರ್ಷವಾಯಿತೆಂದೂ, ವೆಲಾಸ್ಕೆಸ್‌ನ ಜಡ ನಿಧಾನವನ್ನು ಸಹಿಸುವ ಮನಸ್ಸಿಲ್ಲವೆಂದೂ, ತಾನು ಮುದುಕನಾಗುತ್ತಿರುವುದನ್ನು ನೋಡಲಿಷ್ಟವಿಲ್ಲವೆಂದೂ ತೋಡಿಕೊಂಡಿದ್ದಾನೆ. ಎರಡನೆಯ ಕಾರಣವೇ ನಿಜವಾದದ್ದು ಎಂದು ಆ ಕಾಲದ ಚಿತ್ರಗಳ ಜೋತುಬಿದ್ದ ರೆಪ್ಪೆಗಳನ್ನು ನೋಡಿದವರಿಗೆ ಅನಿಸುತ್ತದೆ.

ಅರಮನೆಯಲ್ಲಿ ಕುಳ್ಳರೂ ವಿದೂಷಕರೂ ಸಂಬಳದ ನೌಕರರಾಗಿದ್ದರು. ವೆಲಾಸ್ಕೆಸ್ ಅವರನ್ನೂ ಬರೆದ. ಸೆಬಾಸ್ಟಿಯನ್ ದೆ ಮೊರ್ರಾ ಎಂಬ ಕುಳ್ಳನ ಚಿತ್ರದಲ್ಲಿ ಅವನು ನೆಲದ ಮೇಲೆ ಕಾಲು ಚಾಚಿ ಕೂತಿದ್ದಾನೆ, ಪಾದದ ಅಟ್ಟೆ ನಮ್ಮ ಕಡೆಗಿದೆ, ಮುಷ್ಟಿಗಳು ಸೊಂಟಕ್ಕೆ ಒತ್ತಿವೆ, ನೋಟ ನೇರವಾಗಿ ನಮ್ಮ ಮೇಲಿದೆ. ಅವನನ್ನು ನೋಡಿ ನಗಲು ಬರುವುದಿಲ್ಲ. ಇದನ್ನು ಚಿತ್ರಕಾರನ ಅನುಕಂಪ ಎಂದು ಹಲವರು ಬರೆದಿದ್ದಾರೆ. ಅನುಕಂಪಕ್ಕಿಂತ ಸಹೋದ್ಯೋಗಿಯ ಪರಿಚಯ ಎಂದರೆ ಹೆಚ್ಚು ಸರಿಯೇನೋ. ಭತ್ಯದ ಪಟ್ಟಿಗಳಲ್ಲಿ ಇವರೆಲ್ಲ ಒಂದೇ ಮನೆಯ ಊಳಿಗದವರು.

ಇನ್ನು ಅವನ ಕೈಚಳಕದ ಮಾತು. ಸೆವಿಲ್‌ನ ದಿನಗಳಲ್ಲಿ ಕ್ಯಾನ್‌ವಾಸಿಗೆ ಕಂದು ಬಣ್ಣದ ಅಡಿಲೇಪ ಹಚ್ಚಿ, ಅದರ ಮೇಲೆ ದಪ್ಪನಾಗಿ, ಪ್ರತಿ ವಸ್ತುವಿನ ಅಂಚನ್ನೂ ಬಿಗಿಯಾಗಿ ಬರೆಯುತ್ತಿದ್ದ. ಮ್ಯಾಡ್ರಿಡ್‌ನಲ್ಲಿ, ಅದರಲ್ಲೂ ಇಟಲಿಯಿಂದ ಬಂದ ಮೇಲೆ, ಅಡಿಲೇಪ ತಿಳಿ ಬೂದಿಗೆ ತಿರುಗಿತು, ಮೇಲಿನ ಬಣ್ಣ ತೆಳುವಾಯಿತು. ಬಳಸುತ್ತಿದ್ದ ಬಣ್ಣಗಳೇನೂ ಅಪರೂಪದವಲ್ಲ. ಸೀಸದ ಬಿಳಿ, ಕಾವಿಮಣ್ಣುಗಳು, ಇಂಗಲೀಕದ ಕೆಂಪು, ಅಜುರೈಟ್ ಎಂಬ ಖನಿಜದ ನೀಲಿ, ಮೂಳೆ ಸುಟ್ಟ ಕಪ್ಪು. ಬಣ್ಣದ ಹುಡಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಅದನ್ನು ಹೆಚ್ಚು ಪಾರದರ್ಶಕವಾಗಿಸುತ್ತಿದ್ದ ಎಂಬುದು ಪ್ರಾದೊದ ತಾಂತ್ರಿಕ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹೀಗೆ ತೆಳುವಾಗಿ ಹರಡಿದ ಬಣ್ಣದೊಳಗಿಂದ ಕೆಳಗಿನ ತಿಳಿ ಲೇಪ ಇಣುಕಿ ಒಳಗಿನಿಂದ ಬೆಳಕು ಬಂದಂತೆ ಕಾಣುತ್ತದೆ. ಅದರ ಮೇಲೆ ಕೊನೆಗೆ ಅಲ್ಲಲ್ಲಿ ದಪ್ಪ ಬಿಳಿಯ ಚುಕ್ಕೆ. ಮೊದಲೇ ಪೂರ್ತಿ ರೇಖೆ ಎಳೆದುಕೊಂಡು ತುಂಬುವ ಪದ್ಧತಿ ಅವನದಲ್ಲ. ಕ್ಯಾನ್‌ವಾಸಿನ ಮೇಲೆಯೇ ತಿದ್ದುತ್ತ ಹೋಗುತ್ತಿದ್ದ. ಕಾಲ ಕಳೆದಂತೆ ಮೇಲಿನ ಬಣ್ಣ ಇನ್ನಷ್ಟು ತಿಳಿಯಾಗಿ, ಅಳಿಸಿದ್ದೆಂದುಕೊಂಡದ್ದು ಹೊರಬರುತ್ತದೆ. ಕುದುರೆಯೇರಿದ ಫಿಲಿಪನ ಚಿತ್ರದಲ್ಲಿ ಕುದುರೆಗೆ ಒಂದೆರಡು ಹೆಚ್ಚಿನ ಕಾಲುಗಳು ನೆರಳಿನಂತೆ ಕಾಣುವುದು ಈ ಕಾರಣಕ್ಕೆ.

ಅರಮನೆ ಅವನನ್ನು 1649ರಲ್ಲಿ ಮತ್ತೆ ಇಟಲಿಗೆ ಕಳಿಸಿತು. ಈ ಸಲ ಹೋದದ್ದು ಕಲಿಯಲು ಅಲ್ಲ, ಖರೀದಿಗೆ. ಮ್ಯಾಡ್ರಿಡ್‌ನ ಹಳೆಯ ಅರಮನೆ ಅಲ್ಕಾಸರ್‌ನ ನವೀಕರಣ ನಡೆದಿತ್ತು. ಅದಕ್ಕಾಗಿ ವರ್ಣಚಿತ್ರಗಳನ್ನು ಕೊಳ್ಳುವುದು, ರೋಮಿನ ಪ್ರಾಚೀನ ಶಿಲ್ಪಗಳ ಎರಕಗಳನ್ನು ಮಾಡಿಸುವುದು ಅವನ ಕೆಲಸ. ಮೇಜುಗಳನ್ನು ಹೊರಲೆಂದು ಅವನು ಮಾಡಿಸಿ ತಂದ ಹೊನ್ನಲೇಪದ ಕಂಚಿನ ಸಿಂಹಗಳಲ್ಲಿ ಕೆಲವು ಇಂದಿಗೂ ಮ್ಯಾಡ್ರಿಡ್‌ನ ರಾಜಭವನದ ಸಿಂಹಾಸನದ ಕೋಣೆಯಲ್ಲಿವೆ.

ರೋಮಿನಲ್ಲಿ ಬರೆದ ಎರಡು ಭಾವಚಿತ್ರಗಳು ಮಾತ್ರ ಖರೀದಿಯ ಸಂಗತಿಯನ್ನೆಲ್ಲ ಹಿಂದೆ ಸರಿಸುತ್ತವೆ. ಒಂದು ಹ್ವಾನ್ ದೆ ಪರೇಹಾನದು. ಪರೇಹಾ ಅವನ ಗುಲಾಮ. ಕಾರ್ಯಾಗಾರದಲ್ಲಿ ಬಣ್ಣ ಅರೆದು ಕ್ಯಾನ್‌ವಾಸು ಸಿದ್ಧಪಡಿಸುತ್ತಿದ್ದವನು. ಬೂದು ಹಿನ್ನೆಲೆಯಲ್ಲಿ, ಬಿಳಿ ಕಸೂತಿಯ ದೊಡ್ಡ ಕೊರಳಪಟ್ಟಿ ತೊಟ್ಟು, ಅಡ್ಡಲಾಗಿ ಕೈಯಿಟ್ಟುಕೊಂಡು ಅವನು ನಿಂತಿರುವ ರೀತಿಯಲ್ಲಿ ದಾಸ್ಯದ ಸುಳಿವಿಲ್ಲ. 1650ರ ಮಾರ್ಚ್ 19ರಂದು ಈ ಚಿತ್ರ ರೋಮಿನ ಪ್ಯಾಂಥಿಯನ್‌ನಲ್ಲಿ ಪ್ರದರ್ಶನಗೊಂಡು ಎಲ್ಲರ ಮೆಚ್ಚುಗೆ ಪಡೆಯಿತು. ಅದೇ ವರ್ಷ ನವೆಂಬರ್ 23ರಂದು ವೆಲಾಸ್ಕೆಸ್ ಅವನ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ, ಇನ್ನೂ ನಾಲ್ಕು ವರ್ಷ ಸೇವೆ ಸಲ್ಲಿಸಬೇಕೆಂಬ ಷರತ್ತಿನ ಮೇಲೆ. ಚಿತ್ರದ ಘನತೆಯನ್ನು ಕೊಂಡಾಡುವಾಗ ಈ ಷರತ್ತನ್ನು ಬಿಟ್ಟು ಹೇಳುವ ರೂಢಿ ಇದೆ, ಅದು ಸರಿಯಲ್ಲ. ಪರೇಹಾ ಮುಂದೆ ಸ್ವತಂತ್ರ ಚಿತ್ರಕಾರನಾದ. 1661ರ ಅವನ ದೊಡ್ಡ ಚಿತ್ರವೊಂದು ಪ್ರಾದೊದಲ್ಲಿಯೇ ಇದೆ. ಇನ್ನೊಂದು ಭಾವಚಿತ್ರ ಪೋಪ್ ಹತ್ತನೆಯ ಇನ್ನೊಸೆಂಟನದು. ಕೆಂಪು ಪರದೆಯ ಮುಂದೆ, ಕೆಂಪು ಕುರ್ಚಿಯಲ್ಲಿ, ಕೆಂಪು ಮೇಲಂಗಿ ತೊಟ್ಟು ಕೂತ ಆ ಮುದುಕನ ಸಂಶಯದ ದೃಷ್ಟಿ ನೋಡುವವರನ್ನು ಇರಿಯುತ್ತದೆ. ಇದಕ್ಕೆ ಅವನು ಹಣ ತೆಗೆದುಕೊಳ್ಳಲಿಲ್ಲ, ತನಗೆ ಕೊಡುವವನು ತನ್ನ ದೊರೆ ಎಂದ ಎನ್ನುತ್ತಾರೆ. ಸಂಭಾವನೆ ಬೇಡವೆಂದ ಆ ಮಾತಿನಲ್ಲಿ ಔದಾರ್ಯಕ್ಕಿಂತ ಲೆಕ್ಕಾಚಾರ ಹೆಚ್ಚಿದೆ. ಚಿತ್ರ ಮಾರಿ ಬದುಕುವವನಲ್ಲ ಎನಿಸಿಕೊಳ್ಳುವುದು ಅವನಿಗೆ ಆಗಲೇ ಮುಖ್ಯವಾಗಿತ್ತು.

ಹಿಂತಿರುಗಿದ ಮರುವರ್ಷ ಸಿಕ್ಕ ಮೇಲ್ವಿಚಾರಕನ ಹುದ್ದೆ ಹೆಸರಿಗೆ ದೊಡ್ಡದು, ಕೆಲಸ ಅದಕ್ಕಿಂತ ದೊಡ್ಡದು. ಯಾರಿಗೆ ಯಾವ ಕೋಣೆ, ಎಲ್ಲಿ ಯಾವ ಪೀಠೋಪಕರಣ, ಚಳಿಗಾಲಕ್ಕೆ ಸೌದೆ ಬಂತೇ, ನೆಲ ಗುಡಿಸಿದ್ದಾರೆಯೇ, ದೊರೆ ಊರು ಬಿಟ್ಟು ಹೊರಟರೆ ದಾರಿಯುದ್ದಕ್ಕೂ ತಂಗುವ ವ್ಯವಸ್ಥೆ ಏನು, ಎಲ್ಲಕ್ಕೂ ಅವನೇ ಹೊಣೆ. ಎಲ್ಲ ಬಾಗಿಲುಗಳನ್ನೂ ತೆರೆಯಬಲ್ಲ ಬೀಗದ ಕೈ ಅವನ ಸೊಂಟದಲ್ಲಿ. ಲಾಸ್ ಮೆನೀನಾಸ್‌ನಲ್ಲಿ ಕಾಣುವುದು ಈ ಅಧಿಕಾರ.

ಆ ಚಿತ್ರದಲ್ಲಿರುವವರೆಲ್ಲರೂ ಯಾರು ಎಂಬುದನ್ನು ಪಲೊಮಿನೊ ಎಂಬ ಲೇಖಕ 1724ರಲ್ಲಿ ಗುರುತಿಸಿ ಬರೆದಿಟ್ಟಿದ್ದಾನೆ. ನಡುವೆ ಮಾರ್ಗರೀತಾ. ಎಡಕ್ಕೆ ಮಂಡಿಯೂರಿ, ತಟ್ಟೆಯಲ್ಲಿ ಕೆಂಪು ಮಣ್ಣಿನ ಪುಟ್ಟ ಕುಡಿಕೆ ನೀಡುತ್ತಿರುವ ಸಖಿ. ಬಲಕ್ಕೆ ಬಾಗಿ ವಂದಿಸುತ್ತಿರುವ ಇನ್ನೊಬ್ಬಳು. ಬಲಮೂಲೆಯಲ್ಲಿ ಕುಳ್ಳಿ ಮಾರಿಬಾರ್ಬೊಲಾ ಮತ್ತು ತೂಕಡಿಸುವ ನಾಯಿಯನ್ನು ಕಾಲಿನಿಂದ ಎಬ್ಬಿಸುತ್ತಿರುವ ನಿಕೊಲಾಸ್. ಅವರ ಹಿಂದೆ ಮಬ್ಬಿನಲ್ಲಿ ಮಾತಾಡುತ್ತಿರುವ ಇಬ್ಬರು ಪರಿಚಾರಕರು. ತೀರ ಹಿಂದೆ, ಬೆಳಕು ತುಂಬಿದ ಬಾಗಿಲಿನ ಮೆಟ್ಟಿಲಲ್ಲಿ ಹೊಸೆ ನಿಯೆತೊ, ರಾಣಿಯ ಕಡೆಯ ಮೇಲ್ವಿಚಾರಕ. ಅವನ ಎಡಕ್ಕೆ ಗೋಡೆಯ ಮೇಲೆ ಒಂದು ಕನ್ನಡಿ, ಅದರಲ್ಲಿ ದೊರೆ ಮತ್ತು ರಾಣಿ ಮರಿಯಾನಾ ಮಸುಕಾಗಿ ಕಾಣುತ್ತಾರೆ. ಕೋಣೆ ಅಲ್ಕಾಸರ್ ಅರಮನೆಯದೇ, 1646ರಲ್ಲಿ ತೀರಿಕೊಂಡ ಯುವರಾಜ ಇದ್ದ ಭಾಗದ್ದು.

ವೆಲಾಸ್ಕೆಸ್ ಎದುರಿನ ಕ್ಯಾನ್‌ವಾಸಿನ ಮೇಲೆ ಏನು ಬರೆಯುತ್ತಿದ್ದಾನೆ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ದೊರೆ ರಾಣಿಯರು ನಾವು ನಿಂತ ಜಾಗದಲ್ಲಿ ನಿಂತಿದ್ದಾರೆ, ಕನ್ನಡಿಯಲ್ಲಿ ಕಾಣುವುದು ಅವರೇ, ಆದ್ದರಿಂದ ನೋಡುವವರು ದೊರೆಯ ಸ್ಥಾನದಲ್ಲಿದ್ದೇವೆ ಎಂಬುದು ಬಹಳ ಪ್ರಚಾರದಲ್ಲಿರುವ ವಿವರಣೆ. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಬಲಗೋಡೆಯ ಕಿಟಕಿಗಳ ಮತ್ತು ಛಾವಣಿಯ ಗೆರೆಗಳನ್ನು ಹಿಂದಕ್ಕೆ ಎಳೆಯುತ್ತ ಹೋದರೆ ಅವು ಕೂಡುವುದು ಕನ್ನಡಿಯಲ್ಲಲ್ಲ, ಬಾಗಿಲಲ್ಲಿ ನಿಂತ ನಿಯೆತೊನ ಮುಂಗೈಯ ಬಳಿ. ಅಂದರೆ ನೋಡುವ ಕಣ್ಣು ಆ ಬಾಗಿಲಿಗೆ ನೇರ ಎದುರಿದೆ, ಕನ್ನಡಿಗೆ ಓರೆಯಾಗಿದೆ. ಕ್ಷೌರದಂಗಡಿಯ ಕನ್ನಡಿಯಲ್ಲಿ ನಮ್ಮ ಮುಖ ಕಾಣಬೇಕಾದರೆ ಅದಕ್ಕೆ ನೇರ ಎದುರು ಕೂರಬೇಕು. ಎರಡು ಕುರ್ಚಿ ಬಲಕ್ಕೆ ಸರಿದರೆ ನಮ್ಮ ಬದಲು ಎಡಗಡೆ ಕೂತವರು ಕಾಣುತ್ತಾರೆ. ಅದೇ ನಿಯಮ ಇಲ್ಲಿಗೂ ಸಲ್ಲುವುದಾದರೆ, ಕನ್ನಡಿ ಹಿಡಿದಿರುವುದು ನಮ್ಮ ಜಾಗವನ್ನಲ್ಲ, ಎಡಗಡೆಯ ಆ ದೊಡ್ಡ ಕ್ಯಾನ್‌ವಾಸಿನ ಮುಖವನ್ನು. ಕನ್ನಡಿಯಲ್ಲಿರುವುದು ದೊರೆಯಲ್ಲ, ದೊರೆಯ ಚಿತ್ರ. ಪಲೊಮಿನೊ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ದೊರೆ ರಾಣಿಯರ ಅಂಥ ಜೋಡಿ ಚಿತ್ರವೊಂದು ಎಲ್ಲಿಯೂ ಸಿಕ್ಕಿಲ್ಲ. ಜೊತೆಗೆ, ಸಖಿ ವಂದಿಸುವುದು, ಮಗು ಸುಮ್ಮನಾಗಿ ಎದುರು ನೋಡುವುದು, ಯಾರೋ ಬಂದ ಕ್ಷಣದಲ್ಲಿ ಕೋಣೆ ತಟಸ್ಥವಾಗುವುದು, ಇವೆಲ್ಲ ದೊರೆ ಅಲ್ಲಿಯೇ ಇದ್ದಾನೆ ಎನ್ನುತ್ತವೆ. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಈ ಚಿತ್ರ ತೂಗುಹಾಕಿದ್ದು ದೊರೆಯ ಬೇಸಿಗೆಯ ಕಚೇರಿಯಲ್ಲಿ. ಅದರ ಮೊದಲ ನೋಡುಗ ಸ್ವತಃ ಫಿಲಿಪ್. ಅವನು ಅದರ ಮುಂದೆ ನಿಂತಾಗ ಜ್ಯಾಮಿತಿಯ ತಕರಾರು ಅವನನ್ನು ಕಾಡಿರಲಾರದು.

ರಾಜಕುಮಾರಿಯ ತೋಳಿನ ಹತ್ತಿರ ಹೋದರೆ ಕಸೂತಿ ಮಾಯವಾಗುತ್ತದೆ. ಉಳಿಯುವುದು ಬೂದು, ಕಪ್ಪು, ನಸುಗೆಂಪು ಬಣ್ಣದ ಅವಸರದ ಗೀಟುಗಳು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ರೇಷ್ಮೆ, ಮತ್ತೆ ಬೆಳ್ಳಿಯ ಎಳೆ. ಗೀಟು ಬಟ್ಟೆಯಾಗುವ ದೂರ ಎಷ್ಟು ಎಂಬುದು ಅವನಿಗೆ ಗೊತ್ತಿತ್ತು, ಯಾವ ಗೋಡೆಯ ಮೇಲೆ ಯಾವ ಎತ್ತರದಲ್ಲಿ ಚಿತ್ರ ತೂಗಬೇಕೆಂದು ನಿರ್ಧರಿಸುವವನೂ ಅವನೇ ಆಗಿದ್ದ. ಮೇಲ್ವಿಚಾರಕನ ಹುದ್ದೆ ಚಿತ್ರಕಾರನಿಗೆ ನೆರವಾದ ಜಾಗಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ.

ಕೆಂಪು ಶಿಲುಬೆ ಸಾಂತಿಯಾಗೊ ವೀರಪಂಥದ, ಅಂದರೆ ಕುಲೀನ ಯೋಧರ ಸಂಘದ, ಲಾಂಛನ. 1658ರಲ್ಲಿ ದೊರೆ ಅವನ ಹೆಸರನ್ನು ಆ ಪಂಥಕ್ಕೆ ಸೂಚಿಸಿದ. ಸೂಚಿಸಿದ ಮಾತ್ರಕ್ಕೆ ಸಿಗುವಂಥದ್ದಲ್ಲ ಅದು. ತಂದೆ ತಾಯಿ ಎರಡೂ ಕಡೆಯ ಹಿರಿಯರು ಕುಲೀನರಾಗಿರಬೇಕು, ವಂಶದಲ್ಲಿ ಯಹೂದಿ ಅಥವಾ ಮುಸ್ಲಿಂ ರಕ್ತ ಇರಬಾರದು, ಅಭ್ಯರ್ಥಿ ಕೈಕಸುಬಿನಿಂದ ಬದುಕಿದವನಾಗಿರಬಾರದು. ವೃತ್ತಿಯಾಗಿ ಚಿತ್ರ ಬರೆಯುವವನು ಆ ನಿಷೇಧದ ಪಟ್ಟಿಯಲ್ಲೇ ಇದ್ದ. ವಿಚಾರಣಾಧಿಕಾರಿಗಳು ಸೆವಿಲ್‌ಗೆ ಹೋದರು, ಮ್ಯಾಡ್ರಿಡ್‌ನಲ್ಲಿ ಕೇಳಿದರು, ಪೋರ್ಚುಗಲ್ ಜೊತೆ ಯುದ್ಧ ನಡೆದಿದ್ದರಿಂದ ಗಡಿಯ ಊರುಗಳಲ್ಲಿ ನಿಂತು ತಂದೆಯ ಕಡೆಯ ವಂಶವನ್ನು ವಿಚಾರಿಸಿದರು. ಒಟ್ಟು 148 ಮಂದಿ ಸಾಕ್ಷಿ ನುಡಿದರು. ಅವರಲ್ಲಿ ಚಿತ್ರಕಾರರಾದ ಸುರ್ಬರಾನ್ ಮತ್ತು ಅಲೊನ್ಸೊ ಕಾನೊ ಕೂಡ ಇದ್ದರು. ವೆಲಾಸ್ಕೆಸ್ ಎಂದೂ ಚಿತ್ರ ಮಾರಿದವನಲ್ಲ, ಅಂಗಡಿ ಇಟ್ಟವನಲ್ಲ, ಸ್ವಂತ ಸಂತೋಷಕ್ಕೆ ಮತ್ತು ದೊರೆಯ ಆಜ್ಞೆಗೆ ಮಾತ್ರ ಬರೆದವನು ಎಂಬುದು ಸಾಕ್ಷಿಗಳ ಒಕ್ಕೊರಲು. ಕಾನೊ ಸೆವಿಲ್‌ನಲ್ಲಿ ಪಚೇಕೊನ ಅದೇ ಕಾರ್ಯಾಗಾರದಲ್ಲಿ ಕಲಿತವನು. 1617ರ ಪರವಾನಗಿ ಯಾತಕ್ಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಗೆಳೆಯನಿಗಾಗಿ ಹೇಳಿದ ಸುಳ್ಳು ಅದು. ಚಿತ್ರಕಲೆಯೇ ಕೀಳೆಂಬ ಕಟ್ಟಳೆಯ ಎದುರು ಚಿತ್ರಕಾರರು ಒಟ್ಟಾಗಿ ಹೇಳಿದ ಸುಳ್ಳೂ ಹೌದು.

ಇಷ್ಟಾದರೂ ಪಂಥದ ಮಂಡಳಿ ಕುಲೀನತೆ ರುಜುವಾತಾಗಿಲ್ಲವೆಂದು ತಳ್ಳಿಹಾಕಿತು. ದೊರೆ ಪೋಪ್ ಏಳನೆಯ ಅಲೆಕ್ಸಾಂಡರನಿಂದ ವಿಶೇಷ ವಿನಾಯಿತಿ ತರಿಸಬೇಕಾಯಿತು. 1659ರ ನವೆಂಬರ್ 28ರಂದು, ಅರವತ್ತು ತುಂಬಿದ ವೆಲಾಸ್ಕೆಸ್ ವೀರಪಂಥಕ್ಕೆ ಸೇರಿದ. ಮೂರು ವರ್ಷ ಮೊದಲೇ ಮುಗಿದಿದ್ದ ಚಿತ್ರದ ಎದೆಯ ಮೇಲೆ ಶಿಲುಬೆ ಬಂದದ್ದು ಆ ಮೇಲೆ. ದೊರೆಯೇ ಕುಂಚ ಹಿಡಿದು ಅದನ್ನು ಬರೆದನೆಂಬ ಕಥೆಯೊಂದು ಚಾಲ್ತಿಯಲ್ಲಿದೆ. ನಂಬುವುದು ಕಷ್ಟ, ಆದರೆ ಅಂಥ ಕಥೆ ಹುಟ್ಟಿದ್ದರ ಹಿಂದಿನ ಆಸೆ ಅರ್ಥವಾಗುವಂಥದ್ದು.

ಶಿಲುಬೆ ಧರಿಸಿ ಅವನು ಬದುಕಿದ್ದು ಎಂಟು ತಿಂಗಳು. ಫ್ರಾನ್ಸ್ ಜೊತೆ ಶಾಂತಿ ಒಪ್ಪಂದವಾಗಿ, ರಾಜಕುಮಾರಿ ಮರಿಯಾ ತೆರೇಸಾಳನ್ನು ಹದಿನಾಲ್ಕನೆಯ ಲೂಯಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಎರಡು ದೇಶಗಳ ಗಡಿಯಲ್ಲಿ ಹರಿಯುವ ಬಿದಾಸೊವಾ ನದಿಯ ಪುಟ್ಟ ದ್ವೀಪವೊಂದರಲ್ಲಿ ಹೆಣ್ಣು ಒಪ್ಪಿಸುವ ಸಮಾರಂಭ. 1660ರ ಏಪ್ರಿಲ್‌ನಲ್ಲಿ ಹೊರಟ ವೆಲಾಸ್ಕೆಸ್ ದೊರೆಯ ಪರಿವಾರಕ್ಕೆ ದಾರಿಯಲ್ಲಿ ಬಿಡಾರಗಳನ್ನು ಅಣಿಮಾಡಿದ, ಸ್ಪೇನಿನ ಕಡೆಯ ಮಂಟಪವನ್ನು ಚಿತ್ರಪರದೆಗಳಿಂದ ಅಲಂಕರಿಸಿದ. ಜೂನ್ ಕೊನೆಗೆ ದಣಿದು ಮ್ಯಾಡ್ರಿಡ್‌ಗೆ ಮರಳಿದ. ಜುಲೈ 31ರಂದು ಜ್ವರ ಹಿಡಿಯಿತು, ಆಗಸ್ಟ್ 6ರಂದು ತೀರಿಕೊಂಡ. ಎಂಟು ದಿನಕ್ಕೆ ಹ್ವಾನಾ ಕೂಡ ಹೋದಳು. ಇಬ್ಬರನ್ನೂ ಹೂತ ಚರ್ಚನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚರ ಆಡಳಿತ ಕೆಡವಿಸಿತು; ಸಮಾಧಿಯ ಗುರುತು ಉಳಿಯಲಿಲ್ಲ.

ಅರಮನೆಯ ಲೆಕ್ಕಪತ್ರಗಳು ಹೊಂದದ ಕಾರಣ ಮನೆಯ ಸಾಮಾನನ್ನು ಜಪ್ತಿ ಮಾಡಿ ಪಟ್ಟಿ ತಯಾರಿಸಿದರು. ಜ್ಯಾಮಿತಿ, ವಾಸ್ತುಶಿಲ್ಪ, ದೃಗ್ವಿಜ್ಞಾನ, ಇತಿಹಾಸ, ಹೀಗೆ ನೂರೈವತ್ತಕ್ಕೂ ಹೆಚ್ಚು ಪುಸ್ತಕಗಳು ಆ ಪಟ್ಟಿಯಲ್ಲಿವೆ. ಆಸ್ಥಾನ ಚಿತ್ರಕಾರನ ಜಾಗಕ್ಕೆ ಅಳಿಯ ಮಾಸೊ ಬಂದ. ಲಾಸ್ ಮೆನೀನಾಸ್ ಬೇಸಿಗೆಯ ಕಚೇರಿಯಲ್ಲೇ ಉಳಿಯಿತು. 1734ರಲ್ಲಿ ಅಲ್ಕಾಸರ್ ಸುಟ್ಟು ನೂರಾರು ಚಿತ್ರಗಳು ಬೂದಿಯಾದಾಗ ಅಂಚು ಸ್ವಲ್ಪ ಕೆಟ್ಟು, ರಾಜಕುಮಾರಿಯ ಕೆನ್ನೆಗೆ ಪೆಟ್ಟಾಗಿ ಪಾರಾಯಿತು. ಅದಕ್ಕೂ ಮೊದಲು, 1666ರಲ್ಲಿ, ಅರಮನೆಯ ವಸ್ತುಗಳ ಪಟ್ಟಿ ಮಾಡಿದಾಗ ಈ ಚಿತ್ರವನ್ನು ಗುರುತಿಸಿ ಬರೆದದ್ದು ಒಂದೇ ಸಾಲಿನಲ್ಲಿ. ಅಷ್ಟರಲ್ಲಿ ಮಾರ್ಗರೀತಾಳ ಮದುವೆಯಾಗಿತ್ತಾದ್ದರಿಂದ ಸಾಮ್ರಾಜ್ಞಿಯವರು, ಅವರ ಸಖಿಯರು ಮತ್ತು ಒಬ್ಬ ಕುಳ್ಳಿ ಎಂದಿದೆ. ಕನ್ನಡಿಯ ದೊರೆಯ ಮಾತು ಆ ಸಾಲಿನಲ್ಲಿ ಇಲ್ಲ, ಕ್ಯಾನ್‌ವಾಸಿನ ಪಕ್ಕ ನಿಂತವನ ಮಾತೂ ಇಲ್ಲ.